‘ಲೈನ್’ ಶಬ್ದದ ಕುಡಚಿ ಭಾಷ್ಯ

ಇಂಗ್ಲಿಷಿನ ‘ಲೈನ್’ ಲ್ಯಾಟಿನ್ನಿನ ‘ಲೀನಿಯಾ’ದಿಂದ, ಅದು ‘ಲೀನಮ್’ನಿಂದ ಬಂತು, ಲೀನಮ್ ಎಂದರೆ ಅಗಸಿ ಗಿಡ ಎಂದು ಪಾಶ್ಚಾತ್ಯ ಪಂಡಿತರ ಮತ. ಅಗಸಿಯ ನಾರಿನಿಂದ ದಾರ, ದಾರ ಹಿಡಿದು ಎಳೆದರೆ ಗೆರೆ. ಸರಿಯೇ. ಆದರೆ ಅವರು ನಾರಿಗೇ ಜೋತುಬಿದ್ದರು. ಬೀಜವನ್ನು ಹುರಿದು, ಬೆಳ್ಳುಳ್ಳಿ ಖಾರ ಕೂಡಿಸಿ, ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಂಡವರು ನಾವು. ಮೇಲಾಗಿ ಊರ ಬಾಗಿಲಿಗೂ ನಮ್ಮಲ್ಲಿ ಅಗಸಿ ಎಂದೇ ಹೆಸರು. ಮಂದಿ ಮೊಟ್ಟಮೊದಲು ಸಾಲುಗಟ್ಟಿ ನಿಂತದ್ದು ಅಲ್ಲೇ ಇರಬೇಕು. ಆದ್ದರಿಂದ ‘ಲೈನ್’ ಅಪ್ಪಟ ರಾಯಬಾಗ ತಾಲೂಕಿನ ಶಬ್ದವೆಂದು ಈ ಲೇಖಕನ ಸಿದ್ಧಾಂತ. ಎರಡು ಅಗಸಿಗಳಿಗೆ ಪರಸ್ಪರ ಸಂಬಂಧವಿಲ್ಲ ಎಂಬ ಪೂರ್ವಪಕ್ಷವನ್ನು, ಉತ್ತರ ಹೊಳೆಯದ ಕಾರಣ, ಇಲ್ಲಿಗೇ ಕೈಬಿಡಲಾಗಿದೆ.

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಶಬ್ದವನ್ನು ವಿಚಾರಿಸಿಲ್ಲ. ಅವನದು 13ನೇ ಶತಮಾನ, ರೈಲು ಇನ್ನೂ ಬಂದಿರಲಿಲ್ಲ. ಆ ಕೊರತೆ ತುಂಬಲು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಲೋಂಡಾ–ಮೀರಜ್ ಮೀಟರ್‌ಗೇಜ್ ಹಳಿಯ ಜೊತೆ ಶಬ್ದವೂ ಕೃಷ್ಣೆ ದಾಟಿತು. ಮುಂದೆ ಹಳಿ ಬ್ರಾಡ್‌ಗೇಜ್ ಆಯಿತು, ಅರ್ಥವೂ ಅಗಲವಾಯಿತು.

ಈಗ ಕರೆಂಟಿನ ಲೈನ್ ಹೋಗುತ್ತದೆ. ಹೊಳೆಯಿಂದ ಹೊಲಕ್ಕೆ ಎಳೆದ ಪೈಪಿನ ಲೈನ್ ಒಡೆಯುತ್ತದೆ. ಹುಡುಗರು ಲೈನ್ ಹೊಡೆಯುತ್ತಾರೆ. ಹೊಡೆದವನನ್ನು ಅಪ್ಪ ಲೈನಿಗೆ ತರುತ್ತಾನೆ. (ಈ ಕೊನೆಯದು ಚತುರ್ಥಿ ವಿಭಕ್ತಿ, ಸಾಧನ ಚಪ್ಪಲಿಯಾದರೆ ತೃತೀಯಾ.)

ರೇಖೆಗೆ ಉದ್ದವುಂಟು, ಅಗಲವಿಲ್ಲ ಎಂದ ಯೂಕ್ಲಿಡ್ ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಕಡೆ ಬಂದವನಲ್ಲ. ಕಾರ್ಖಾನೆಯ ಮುಂದಿನ ಲೈನಿಗೆ ಇರುವುದೇ ಅಗಲ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಎರಡೂ ಮಗ್ಗುಲಿಗೆ ಚಾಚಿದ ಕಬ್ಬಿನ ತುದಿ, ನಡುವೆ ಮೋಟರ್‌ಸೈಕಲ್ಲಿನವನು ತಲೆ ಬಗ್ಗಿಸಿಕೊಂಡು ದಾರಿ ಹುಡುಕಬೇಕು. ಡ್ರೈವರ್ ಟ್ರೇಲರಿನ ಕೆಳಗೆ ಕಂಬಳಿ ಹೊದ್ದು ಮಲಗಿರುತ್ತಾನೆ. ಮುಂದಿನ ಗಾಡಿ ನಾಲ್ಕು ಮಾರು ಸರಿದರೆ ಹಿಂದಿನವನು ಹಾರ್ನ್ ಹೊಡೆದು ಎಬ್ಬಿಸುತ್ತಾನೆ. ಎದ್ದು, ನಾಲ್ಕು ಮಾರು ಸರಿಸಿ, ಮತ್ತೆ ಕಂಬಳಿಯೊಳಗೆ.

ಇಲ್ಲಿ ಸಂಶೋಧನೆಯ ತಿರುಳಿದೆ: ಲೈನ್ ಎಂಬುದರ ಧಾತ್ವರ್ಥ ಎಳೆಯುವುದಲ್ಲ, ಕಾಯುವುದು. ಅಖಂಡ ಪುರಾವೆ ಕುಡಚಿ–ಬಾಗಲಕೋಟಿ ಲೈನ್. 2010-11ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾದ ಸುಮಾರು 142 ಕಿ.ಮೀ. ಹಾದಿ. ನಾವೇನೋ ನಮ್ಮೂರ ಹೆಸರನ್ನು ಮುಂದಿಟ್ಟು ಕರೆಯುತ್ತೇವೆ. ಹಳಿ ಮಾತ್ರ ಆ ತುದಿಯಿಂದ ಹೊರಟಿತು. ಕೃಷ್ಣೆಯೊಬ್ಬಳೇ ಈ ವ್ಯಾಕರಣಕ್ಕೆ ಅಪವಾದ. 2019ರ ಆಗಸ್ಟಿನಲ್ಲಿ ಪಾಳಿ ಹಚ್ಚದೆ ಬಂದು ಉಗಾರದ ಹಾದಿಯ ಸೇತುವೆಯನ್ನು ಮುಳುಗಿಸಿದಳು.

ಕ್ಷೇತ್ರಕಾರ್ಯಕ್ಕೆಂದು ಸ್ಟೇಷನ್ ಹತ್ತಿರದ ಚಹಾದಂಗಡಿಗೆ ಹೋದೆ. ಕಾಕಾ ಅರಿವೆಯಲ್ಲಿ ಚಹಾ ಸೋಸುತ್ತಿದ್ದರು.

“ಕಾಕಾ, ಲೈನ್ ಬಂತೇನ್ರಿ?”

“ಯಾವ್ದೋ ತಮ್ಮಾ? ಮೋಟರಿಂದು ರಾತ್ರಿ ಹನ್ನೆರಡಕ್ಕ. ಬಾಗಲಕೋಟಿದು ನಿನ್ನ ಮಗನ ಲಗ್ನಕ್ಕ.”

“ಚಹಾದ್ದು ಕೇಳೀನ್ರಿ.”

ಅರಿವೆ ಹಿಂಡುತ್ತಲೇ ಅವರು ಗದ್ದ ಎತ್ತಿ ತೋರಿಸಿದರು. ನನ್ನ ಮುಂದೆ ಆರು ಮಂದಿ ಇದ್ದರು.