ಜೋಡಿ ಬಾಣದ ಮಾವ

ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಸೋದರಮಾವ ಇದ್ದಾರೆ. ಎದುರಿಗೆ ಕೂತರೆ ಇರುವೆಗೂ ಸಕ್ಕರೆ ಹಾಕುವ ಜೀವ. ಮೊಬೈಲು ಕೈಗೆ ಬಂತೋ, ಊರಿಗೂರನ್ನೇ ಗಡೀಪಾರು ಮಾಡುತ್ತಾರೆ. 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆಹಚ್ಚುತ್ತದೆ ಎಂದು ಸಾರಿದವರು ಇವರೇ. 2023ರಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೇ ವಾಪಸು ಕರೆಸಿಕೊಂಡಿತು. ಚಿಪ್ ಏನಾಯಿತೆಂದು ಮಾವ ಇನ್ನೂ ಬಾಯಿಬಿಟ್ಟಿಲ್ಲ.

ಅದು ಹೋಗಲಿ, ನಕ್ಕು ಸುಮ್ಮನಾಗಬಹುದು. ಮೊನ್ನೆ ಬಂದದ್ದು ಬೇರೆ: ‘ಈಶಾನ್ಯದ ಹುಡುಗರಿಗೆ ಮನೆ ಬಾಡಿಗೆಗೆ ಕೊಡಬೇಡಿ, ಹುಷಾರ್!’ ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಜೋಡಿ ಬಾಣ.

“ಮಾವ, ಆ ಕಡೆಯವರು ಯಾರಾದ್ರೂ ನಿಮಗೆ ಗೊತ್ತಾ?” ಅಂತ ಕೇಳಿದೆ.

“ಗೊತ್ತಿಲ್ದೇ ಏನು? ನನಗೆ ಕಟಿಂಗ್ ಮಾಡೋ ಹುಡುಗ ಮಣಿಪುರದವನೇ. ಅಪ್ಪಟ ಚಿನ್ನ.”

“ಮತ್ತೆ ಮನೆ ಕೊಡಬಾರದು ಅಂದಿದ್ದು ಯಾರಿಗೆ?”

“ಅವನನ್ನ ಬಿಡೋ. ಉಳಿದವರಿಗೆ.”

“ಉಳಿದವರಲ್ಲಿ ಯಾರನ್ನ ನೋಡಿದ್ದೀರಿ?”

ಉತ್ತರವಿಲ್ಲ. ಅತ್ತೆ ಮಾತ್ರ ಕೈಮುಗಿದ ಇಮೋಜಿ ಹಾಕಿದರು. ಅದು ನನಗೋ, ಗಂಡನಿಗೋ, ದೇವರಿಗೋ ಗೊತ್ತಾಗಲಿಲ್ಲ.

ಜೋಡಿ ಬಾಣದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂದು ವಾಟ್ಸಾಪ್ 2020ರಲ್ಲೇ ಕಡಿವಾಣ ಹಾಕಿದೆ. ಆದರೆ ಮಾವ ನಿವೃತ್ತರು. ಒಂದೊಂದಾಗಿ ಕಳಿಸಲು ಬೇಕಾದಷ್ಟು ಪುರುಸೊತ್ತಿದೆ.