ಇಪ್ಪತ್ತು ಹಲ್ಲಿಗೆ ನಲವತ್ತು ವೈದ್ಯರು

ನರಸೀಪುರ ತಾಲ್ಲೂಕಿನ ಸೋಸಲೆಯಲ್ಲಿ ಮಗುವೊಂದು ಜೊಲ್ಲು ಸುರಿಸಲು ಶುರು ಮಾಡಿತೆಂದರೆ, ತಾಯಿ ಸೆರಗಿನಲ್ಲಿ ಒರೆಸುವಷ್ಟರಲ್ಲಿ ಚಿಕಿತ್ಸೆ ಮನೆ ಬಾಗಿಲಿಗೆ ಬಂದು ನಿಂತಿರುತ್ತದೆ. “ಹಲ್ ಬತ್ತಾವೆ ಕನವ್ವ, ಅದ್ಕೇಯ ಕಂಡುದ್ದೆಲ್ಲ ಕಚ್ತದೆ” ಎಂದು ಪಕ್ಕದ ಮನೆಯ ಅಜ್ಜಿ ತೀರ್ಪು ಕೊಡುತ್ತಾರೆ. ಈ ತೀರ್ಪಿಗೆ ಮೇಲ್ಮನವಿ ಇಲ್ಲ. ಜ್ವರ ಬಂದರೆ ಹಲ್ಲು, ಭೇದಿಯಾದರೆ ಹಲ್ಲು, ಮೂಗು ಸೋರಿದರೆ ಹಲ್ಲು, ರಾತ್ರಿ ಎರಡು ಗಂಟೆಗೆ ಎದ್ದು ಅತ್ತರೂ ಹಲ್ಲು. ಮಗುವಿನ ಅಪ್ಪ ರಾತ್ರಿ ಎರಡು ಗಂಟೆಗೆ ಮನೆಗೆ ಬಂದದ್ದೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಹಲ್ಲೇ ಕಾರಣ.

ನಮ್ಮ ಸೀಮೆಯಲ್ಲಿ ದೇವರೇ ವೈದ್ಯ. ಆನೆಯ ಕಣ್ಣು ವಾಸಿ ಮಾಡಿದ್ದಕ್ಕೆ ಟಿಪ್ಪು ಸುಲ್ತಾನ ನಂಜನಗೂಡಿನ ಶ್ರೀಕಂಠೇಶ್ವರನನ್ನು ಹಕೀಮ ನಂಜುಂಡ ಎಂದು ಕರೆದನೆಂಬ ಕತೆ ಕಪಿಲೆಯ ಎರಡೂ ದಡದಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ದೇವರು ಹಕೀಮನಾದ ಮೇಲೆ ಭಕ್ತರೆಲ್ಲ ಕಾಂಪೌಂಡರುಗಳಾಗುವುದು ಸಹಜ. ವ್ಯತ್ಯಾಸ ಒಂದೇ. ನಂಜುಂಡ ವಿಷವನ್ನು ತಾನು ಕುಡಿದು ಲೋಕವನ್ನು ಉಳಿಸಿದ. ಈ ಕಾಂಪೌಂಡರುಗಳು ಮಗುವಿಗೆ ಕುಡಿಸಿ ತಾವು ಉಳಿದುಕೊಳ್ಳುತ್ತಾರೆ.

ಹಲ್ಲಿನ ವಿಷಯದಲ್ಲಂತೂ ನಂಜನಗೂಡಿನ ಎದುರು ನಿಲ್ಲುವ ಊರು ಕರ್ನಾಟಕದಲ್ಲಿಲ್ಲ. ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿ, ಭತ್ತದ ಹೊಟ್ಟಿನಿಂದ ಮಾಡಿದ ಆ ಗುಲಾಬಿ ಬಣ್ಣದ ಪುಡಿ, ತಲೆಮಾರುಗಳ ಬಾಯಿ ತೊಳೆದಿದೆ. ಪಂಡಿತರು ಜಾಣರು, ಬಂದ ಹಲ್ಲಿಗಷ್ಟೇ ಪುಡಿ ಮಾರಿದರು. ಇನ್ನೂ ಬಾರದ ಹಲ್ಲಿಗೆ ಪುಡಿ ಮಾರುವ ಧೈರ್ಯ ಮಾಡಿದವರು ಇಂಗ್ಲೆಂಡಿನವರು. ಅವರ ಟೀಥಿಂಗ್ ಪೌಡರಿನಲ್ಲಿ ಕ್ಯಾಲೊಮೆಲ್ ಇತ್ತು, ಅಂದರೆ ಪಾದರಸದ ಲವಣ. ಅದನ್ನು ನೆಕ್ಕಿದ ಮಕ್ಕಳಲ್ಲಿ ಕೆಲವಕ್ಕೆ ಅಂಗೈ ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ಬೆಳಕು ಕಂಡರೆ ಮುಖ ಮುಚ್ಚಿಕೊಂಡು ಅಳುವ ಕಾಯಿಲೆ ಬಂತು. ಡಾಕ್ಟರುಗಳು ಅದಕ್ಕೆ ‘ಪಿಂಕ್ ಡಿಸೀಸ್’ ಎಂದು ನಾಮಕರಣ ಮಾಡಿ, ಕಾರಣ ಸೋಂಕೋ ಪೌಷ್ಟಿಕಾಂಶದ ಕೊರತೆಯೋ ಎಂದು ದಶಕಗಟ್ಟಲೆ ಚರ್ಚಿಸಿದರು. ಚರ್ಚೆಯ ನಡುವೆ, 1939ರಿಂದ 1948ರವರೆಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 585 ಮಕ್ಕಳು ಈ ಕಾಯಿಲೆಯಿಂದ ಸತ್ತವು. ಅಮೆರಿಕದ ಜೋಸೆಫ್ ವಾರ್ಕನಿ ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಇರುವುದನ್ನು ತೋರಿಸಿದ ಮೇಲೂ ವರ್ಷಗಳು ಹಿಡಿದವು. ಕೊನೆಗೆ 1954ರಲ್ಲಿ ತಯಾರಕರು ಪುಡಿಯಿಂದ ಪಾದರಸ ತೆಗೆದರು. ಹಲ್ಲುಗಳು ಎಂದಿನಂತೆ ಬರುತ್ತಲೇ ಇದ್ದವು, ಕಾಯಿಲೆ ಮಾತ್ರ ಬರುವುದು ನಿಂತಿತು. ನಮ್ಮ ಪುಡಿ ತಾನು ಗುಲಾಬಿ. ಅವರ ಪುಡಿ ಮಗುವನ್ನೇ ಗುಲಾಬಿ ಮಾಡಿತು.

ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1849ರಿಂದಲೇ ‘ಮಿಸೆಸ್ ವಿನ್ಸ್ಲೋಸ್’ ಸಿರಪ್ಪಿನಲ್ಲಿ ಮಾರ್ಫಿನ್ ಬೆರೆಸಿ ಮಾರಿದರು. ಕುಡಿದ ಮಗು ಅಳು ನಿಲ್ಲಿಸುತ್ತಿತ್ತು, ಕೆಲವೊಮ್ಮೆ ಪೂರ್ತಿಯಾಗಿ. ಮುಂಬಯಿಯ ಗಿರಣಿಗೆ ಹೋಗುವ ತಾಯಂದಿರು ಮಕ್ಕಳಿಗೆ ಅಫೀಮಿನ ಗುಳಿಗೆ ನುಂಗಿಸಿ ಹೋಗುತ್ತಿದ್ದ ಕಾಲವೂ ಇತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ದಾರಿ ಇದೆ, ಪುರುಸೊತ್ತಿಲ್ಲ.

ಈ ವ್ಯಾಪಾರದ ಗುಟ್ಟು ತಿಳಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ಹಾಲುಹಲ್ಲು ಒಟ್ಟು ಇಪ್ಪತ್ತು. ಮೊದಲನೆಯದು ಸುಮಾರಾಗಿ ಆರನೇ ತಿಂಗಳಿಗೆ, ಕೊನೆಯದು ಎರಡೂವರೆ ಮೂರು ವರ್ಷಕ್ಕೆ. ನಡುವೆ ಮಗುವಿಗೆ ಏನೇ ಆದರೂ ಯಾವುದೋ ಒಂದು ಹಲ್ಲು ಆಗಷ್ಟೇ ಬಂದಿರುತ್ತದೆ, ಬರುತ್ತಿರುತ್ತದೆ, ಇಲ್ಲವೇ ಬರುವುದರಲ್ಲಿರುತ್ತದೆ. ಆರೋಪಿ ಸದಾ ಸ್ಥಳದಲ್ಲೇ ಹಾಜರು. ಔಷಧಿಯ ಮಾತಿಗೆ ಬಂದರೆ, ಕೊಟ್ಟ ನಾಲ್ಕು ದಿನಕ್ಕೆ ಹಲ್ಲು ಬಂದರೆ ಔಷಧಿಯ ಮಹಿಮೆ, ನಾಲ್ಕು ವಾರ ತಡವಾದರೆ ಔಷಧಿ ಇನ್ನೂ ಕೆಲಸ ಮಾಡುತ್ತಿದೆ. ಹಲ್ಲು ಬಾರದೆ ಹಾಗೇ ಬೊಚ್ಚುಬಾಯಲ್ಲಿ ಹೈಸ್ಕೂಲಿಗೆ ಹೋದ ಹುಡುಗನನ್ನು ನರಸೀಪುರ ತಾಲ್ಲೂಕಿನಲ್ಲಿ ಯಾರೂ ನೋಡಿಲ್ಲವಾದ್ದರಿಂದ, ಭೂಮಿಯ ಮೇಲೆ ಎಂದೂ ಸೋಲದ ಔಷಧಿ ಇದೊಂದೇ. ಸಕ್ಕರೆ ನೀರನ್ನು ಇದೇ ಹೆಸರಿನಲ್ಲಿ ಮಾರಿದರೂ ನೂರಕ್ಕೆ ನೂರು ಗುಣ.

ಹಲ್ಲು ಬರುವ ಮಗುವಿಗೆ ನಮ್ಮಲ್ಲಿ ತೇಯ್ದು ನೆಕ್ಕಿಸುವ ಬಜೆ ಎಂಬ ಬೇರಿನ ವಿಷಯಕ್ಕೆ ಬರೋಣ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಅರಿಶಿನ ಕೊಂಬು, ಕುಂಕುಮ, ಊದುಬತ್ತಿಯ ನಡುವಿನಿಂದ ಒಣಗಿದ ಬೇರಿನ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಯಾವಾಗ ಕಿತ್ತದ್ದು, ಎಲ್ಲಿಯದು ಎಂದು ಕೇಳಿದರೆ “ಒಳ್ಳೇ ಮಾಲು” ಎಂಬುದೇ ಉತ್ತರ. ಮನೆಗೆ ತಂದು ದೀಪದಲ್ಲಿ ಸ್ವಲ್ಪ ಸುಟ್ಟು, ಗಂಧ ತೇಯುವ ಕಲ್ಲಿನ ಮೇಲೆ ಎದೆಹಾಲಿನಲ್ಲೋ ಜೇನುತುಪ್ಪದಲ್ಲೋ ತೇಯುತ್ತಾರೆ. ಜೊತೆಗೆ ಮಾಚಿಕಾಯಿ, ಜಾಯಿಕಾಯಿ, ಅಳಲೆಕಾಯಿ. ಪ್ರಮಾಣ ಎಷ್ಟು? ಎರಡು ಸುತ್ತು. ಯಾರ ಕೈಯ ಎರಡು ಸುತ್ತು? ನಲವತ್ತು ವರ್ಷ ರಾಗಿ ಬೀಸಿದ ಕೈಯೋ, ಮೊಬೈಲ್ ಉಜ್ಜಿ ಪಳಗಿದ ಕೈಯೋ? ಶಾಸ್ತ್ರ ಅದನ್ನು ಹೇಳಿಲ್ಲ. ಬಜೆಯ ಜೊತೆ ಕಲ್ಲೂ ಒಂದಿಷ್ಟು ತೇಯುತ್ತದೆ, ಅದನ್ನು ಸುಣ್ಣದಂಶ ಎಂದು ಭಾವಿಸಬೇಕು. ತೇಯ್ದದ್ದನ್ನು ಬೆರಳಿನಿಂದ ತೆಗೆದು ಮಗುವಿನ ನಾಲಿಗೆಗೆ ಸವರುತ್ತಾರೆ. ಆ ಬೆರಳು ಅದಕ್ಕೆ ಮುಂಚೆ ಎಲ್ಲಿತ್ತು ಎಂದು ಕೇಳುವುದು ಹಿರಿಯರಿಗೆ ಅವಮರ್ಯಾದೆ.

ಮಗು ವಾಂತಿ ಮಾಡಿಕೊಂಡರೆ “ಕಫ ಹೋಯ್ತು” ಎಂದು ಮನೆಯವರು ಸಂತೋಷಪಡುತ್ತಾರೆ. ಸಂತೋಷವನ್ನೇಕೆ ಕೆಡಿಸಬೇಕು? ಆದರೂ ಹೇಳಬೇಕು, ಆಯುರ್ವೇದದಲ್ಲೇ ಬಜೆ ವಾಂತಿ ಮಾಡಿಸಲು ಬಳಸುವ ದ್ರವ್ಯವೂ ಹೌದು. ಮಗು ಪಾಪ, ಶಾಸ್ತ್ರದ ಪ್ರಕಾರವೇ ನಡೆದುಕೊಂಡಿದೆ. ಬಜೆಯಲ್ಲಿರುವ ಬೀಟಾ ಆಸರೋನ್ ಎಂಬ ಅಂಶ ಇಲಿಗಳಲ್ಲಿ ಗಡ್ಡೆ ಬೆಳೆಸಿದ್ದನ್ನು ಕಂಡು ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಇನ್ನು ಜೇನುತುಪ್ಪ. ಒಂದು ವರ್ಷದೊಳಗಿನ ಮಗುವಿಗೆ ಅದನ್ನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ರೋಗಾಣುವಿನ ಬೀಜಕಗಳು ದೊಡ್ಡವರ ಹೊಟ್ಟೆಯಲ್ಲಿ ಸೋಲುತ್ತವೆ, ಹಸುಗೂಸಿನ ಕರುಳಲ್ಲಿ ಮೊಳೆತು ವಿಷ ಬಿಡುತ್ತವೆ. ಆಗ ಮಗುವಿನ ಕತ್ತು ನಿಲ್ಲುವುದಿಲ್ಲ, ಅಳು ಕ್ಷೀಣಿಸುತ್ತದೆ, ಮೊಲೆ ಚೀಪಲು ಆಗುವುದಿಲ್ಲ. ಅಳು ಕಡಿಮೆಯಾದದ್ದನ್ನು ಕಂಡು ಔಷಧಿ ಹತ್ತಿತು ಎಂದುಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ.

ಇದು ಆಯುರ್ವೇದವನ್ನು ಹೀಗಳೆಯುವ ಮಾತು ಎಂದು ಯಾರೂ ಮುಷ್ಟಿ ಬಿಗಿಯಬೇಕಾಗಿಲ್ಲ. 1908ರಲ್ಲಿ ಶುರುವಾದ ಆಯುರ್ವೇದ ಕಾಲೇಜು ಮೈಸೂರಿನಲ್ಲೇ ಇದೆ. ಐದೂವರೆ ವರ್ಷ ಅದನ್ನೇ ಓದಿದವರು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿದ್ದಾರೆ. ಪರಂಪರೆಯ ಅಭಿಮಾನಿಗಳು ಅವರನ್ನೊಂದು ಮಾತು ಕೇಳಿದ್ದರೆ ಈ ಬರಹದ ಕೆಲಸವೇ ಇರುತ್ತಿರಲಿಲ್ಲ. ಅಲ್ಲಿ ಚೀಟಿ ಮಾಡಿಸಬೇಕು, ಸಾಲಿನಲ್ಲಿ ಕೂರಬೇಕು. ಪಕ್ಕದ ಮನೆ ಅಜ್ಜಿಗೆ ಸಾಲಿಲ್ಲ.

ಓದಿದವರ ಮನೆಯಲ್ಲಿ ಬಜೆ ನಾಚಿಕೆಯ ವಸ್ತು. ಅಲ್ಲಿ ಸಿಹಿಯಾದ ಬಿಳಿ ಗುಳಿಗೆ. ಹೋಮಿಯೋಪಥಿಗೆ ಅಡ್ಡಪರಿಣಾಮವಿಲ್ಲ ಎಂಬುದು ಅವರ ಮನೆದೇವರ ವಾಕ್ಯ. ಅಮೆರಿಕದಲ್ಲಿ ಹೈಲ್ಯಾಂಡ್ಸ್ ಎಂಬ ಹೆಸರಿನ ಹಲ್ಲುಗುಳಿಗೆಯೊಂದು ಬಹಳ ಹೆಸರು ಮಾಡಿತ್ತು. ಅದರಲ್ಲಿ ಬೆಲ್ಲಡೋನಾ ಎಂಬ ವಿಷಸಸ್ಯವನ್ನು ಹೆಚ್ಚೂಕಡಿಮೆ ಇಲ್ಲವೆಂಬಷ್ಟು ತೆಳುಮಾಡಿ ಸೇರಿಸಿರುವುದಾಗಿ ಲೇಬಲ್ ಹೇಳುತ್ತಿತ್ತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೊಮ್ಮೆ, 2016ರಲ್ಲಿ ಮತ್ತೊಮ್ಮೆ ಎಚ್ಚರಿಸಿತು. 2017ರಲ್ಲಿ ಪ್ರಯೋಗಾಲಯದಲ್ಲಿ ಗುಳಿಗೆ ಒಡೆದು ನೋಡಿದರೆ ಕೆಲವುಗಳಲ್ಲಿ ಬೆಲ್ಲಡೋನಾ ಲೇಬಲ್ಲಿನಲ್ಲಿದ್ದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಅದೇ ವರ್ಷ ಮಾಲು ವಾಪಸ್ಸು ಹೋಯಿತು. ಲೇಬಲ್ ನಿಜವಾದರೆ ಒಳಗೆ ಔಷಧಿ ಇಲ್ಲ, ಸುಳ್ಳಾದರೆ ವಿಷ ಇದೆ. ಇಂಥ ಪ್ರಾಮಾಣಿಕ ಆಯ್ಕೆಯನ್ನು ಬೇರೆ ಯಾವ ವೈದ್ಯಪದ್ಧತಿಯೂ ಗಿರಾಕಿಯ ಮುಂದಿಟ್ಟಿಲ್ಲ.

ನ್ಯೂಜೆರ್ಸಿಗೆ ಹೋದ ಮಗಳ ಮನೆಯಲ್ಲಿ ಇನ್ನೊಂದು. ಮಗುವಿನ ಕತ್ತಿಗೆ ಹಳದಿ ಮಣಿಗಳ ಅಂಬರ್ ಸರ. ಅದರೊಳಗಿನ ಸಕ್ಸಿನಿಕ್ ಆಮ್ಲ ಮೈಶಾಖಕ್ಕೆ ಕರಗಿ, ಚರ್ಮದೊಳಕ್ಕೆ ಇಳಿದು, ವಸಡಿನ ನೋವು ತೆಗೆಯುತ್ತದಂತೆ. ಕೋಟಿಗಟ್ಟಲೆ ವರ್ಷ ಬಾಲ್ಟಿಕ್ ಸೀಮೆಯಲ್ಲಿ ಕರಗದೆ ಕುಳಿತಿದ್ದ ಮರದ ಅಂಟು, ಸಾಫ್ಟ್‌ವೇರ್ ದಂಪತಿಯ ಮಗುವಿನ ಕತ್ತು ಕಂಡ ಕೂಡಲೇ ಕರಗುತ್ತದೆ! ಊರಿನಲ್ಲಿ ಅಜ್ಜಿ ಕಟ್ಟಿದ ತಾಯತವನ್ನು ಮೂಢನಂಬಿಕೆ ಎಂದು ಕತ್ತರಿಸಿ ಎಸೆದವರೇ ಡಾಲರ್ ಕೊಟ್ಟು ಈ ತಾಯತ ಕಟ್ಟಿಸಿಕೊಂಡರು. ನಿದ್ದೆ ಮಾಡುತ್ತಿದ್ದ 18 ತಿಂಗಳ ಮಗುವೊಂದು ಇಂಥದೇ ಅಂಬರ್ ಸರ ಬಿಗಿದು ಸತ್ತದ್ದನ್ನು ಹೇಳಿ, ಹಲ್ಲಿನ ಹೆಸರಿನ ಒಡವೆಗಳೇ ಬೇಡವೆಂದು 2018ರ ಡಿಸೆಂಬರಿನಲ್ಲಿ ಎಫ್‌ಡಿಎ ಹೇಳಬೇಕಾಯಿತು.

ಹಾಗಾದರೆ ಮೆಡಿಕಲ್ ಸ್ಟೋರಿನ ಜೆಲ್ ಮೇಲು ಎನ್ನುತ್ತೀರಾ? ಹಚ್ಚಿದ ಎರಡು ನಿಮಿಷಕ್ಕೆ ಜೊಲ್ಲಿನಲ್ಲಿ ಹರಿದು ಅಂಗಿ ಸೇರುತ್ತದೆ, ಅಂಗಿಗೆ ನೋವಿದ್ದರೆ ಕಡಿಮೆಯಾದೀತು. ಮರಗಟ್ಟಿಸುವ ಬೆಂಜೊಕೇನ್ ರಕ್ತ ಆಮ್ಲಜನಕ ಹೊರುವುದನ್ನೇ ಕೆಡಿಸಬಹುದೆಂದು, ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೆಂದು 2018ರಲ್ಲಿ ಅದೇ ಎಫ್‌ಡಿಎ ಹೇಳಿದೆ. ನಮ್ಮಲ್ಲಿ ಬಾಯಿಹುಣ್ಣಿಗೆ ಮಾರುವ ಜೆಲ್‌ಗಳಲ್ಲಿರುವ ಕೋಲೀನ್ ಸ್ಯಾಲಿಸಿಲೇಟನ್ನು ಬ್ರಿಟನ್ 2009ರಲ್ಲೇ 16 ವರ್ಷದೊಳಗಿನವರಿಗೆ ಬೇಡವೆಂದಿತು. ಇಂಗ್ಲಿಷ್ ಔಷಧಿ ಎಂದ ಮಾತ್ರಕ್ಕೆ ಅದೇನು ಕಾವೇರಿ ತೀರ್ಥವಲ್ಲ.

ಈ ಎಲ್ಲ ಗಲಾಟೆಯಲ್ಲಿ ನಿಜವಾಗಿ ಜೀವ ಕೈಯಲ್ಲಿ ಹಿಡಿದು ಕೂತವನು ಮಗುವಿನ ಸೋದರಮಾವ. ಮೊದಲ ಹಲ್ಲು ಮೇಲಿನ ದವಡೆಯಲ್ಲಿ ಬಂದರೆ ಅವನಿಗೆ ಕಂಟಕ ಎಂಬುದು ನಂಬಿಕೆ. ಆದ್ದರಿಂದ ವಸಡಿನ ತಪಾಸಣೆ ದಿನಾ ನಡೆಯುತ್ತದೆ, ಮಗುವಿನ ಬಾಯಿ ನೋಡಿ ಮಾವನ ಆಯಸ್ಸು ಎಣಿಸುತ್ತಾರೆ. ಅದೇ ಮಾವ ಹೆಲ್ಮೆಟ್ಟಿಲ್ಲದೆ, ಎರಡು ಪೆಗ್ ಹಾಕಿಕೊಂಡು ನರಸೀಪುರದಿಂದ ಬೈಕಿನಲ್ಲಿ ಬರುವಾಗ ಕಂಟಕದ ಮಾತು ಯಾರಿಗೂ ನೆನಪಾಗುವುದಿಲ್ಲ.

ನಗುವ ಮಾತು ಇಲ್ಲಿಗೆ ಸಾಕು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 125 ಮಕ್ಕಳ ತಂದೆತಾಯಿಯರಿಂದ ದಿನದಿನವೂ ಬರೆಸಿಕೊಂಡು, 475 ಹಲ್ಲು ಮೂಡಿದ ದಿನಗಳನ್ನು ತಾಳೆ ಹಾಕಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ರಚ್ಚೆ ಹಿಡಿಯುವುದು, ಮೈ ಸ್ವಲ್ಪ ಬಿಸಿಯಾಗುವುದು, ಇವೆಲ್ಲ ಹಲ್ಲಿನ ಲೆಕ್ಕಕ್ಕೆ ಬಂದವು. 102 ಡಿಗ್ರಿ ದಾಟಿದ ಜ್ವರ ಬರಲಿಲ್ಲ, ಭೇದಿ ಬರಲಿಲ್ಲ. ಮತ್ತೆ ಆರನೇ ತಿಂಗಳಿಗೆ ಸರಿಯಾಗಿ ಭೇದಿ ಏಕೆ? ತಾಯಿ ಹೊಟ್ಟೆಯಲ್ಲಿದ್ದಾಗ ಕೊಟ್ಟು ಕಳಿಸಿದ ರೋಗನಿರೋಧಕಗಳು ಆ ಹೊತ್ತಿಗೆ ಮುಗಿಯುತ್ತಾ ಬರುತ್ತವೆ. ಅದೇ ಹೊತ್ತಿಗೆ ಮಗು ಅಂಬೆಗಾಲಿಡುತ್ತದೆ, ಚಪ್ಪಲಿ, ಪೊರಕೆ, ಬೀದಿಯ ಮಣ್ಣು ಎಲ್ಲವೂ ಬಾಯಿಗೆ. ರಾಗಿ ಸರಿ ಶುರುವಾಗುತ್ತದೆ, ಬಟ್ಟಲು ತೊಳೆದ ನೀರು ಯಾವುದೋ. ಕೋತಿ ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಕೊಳಕು ನೀರು ಮಾಡಿದ ಕೆಲಸವೆಲ್ಲ ಪಾಪದ ಹಲ್ಲಿನ ತಲೆಗೆ. ‘ಹಲ್ಲಿನ ಭೇದಿ’ ಎಂದು ಹೆಸರಿಟ್ಟು ಮೂರು ದಿನ ಮನೆಯಲ್ಲೇ ಕಾಯುವುದಿದೆಯಲ್ಲ, ಬಜೆಗಿಂತಲೂ ಅಂಬರಿಗಿಂತಲೂ ದೊಡ್ಡ ಅಪಾಯ ಅದೇ. ಐದು ವರ್ಷದೊಳಗಿನ ಮಕ್ಕಳನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಕಾಯಿಲೆಗಳಲ್ಲಿ ಭೇದಿ ಇವತ್ತಿಗೂ ಒಂದು. ಹಲ್ಲಿನಿಂದ ಸತ್ತ ಮಗು ಒಂದೂ ಇಲ್ಲ.

ವಸಡು ನವೆಯೆದ್ದ ಮಗುವಿಗೆ ಬೇಕಾದದ್ದು ಸೋಪು ಹಾಕಿ ತೊಳೆದ ಬೆರಳು. ಆ ಬೆರಳಿನಿಂದ ವಸಡನ್ನು ಮೆಲ್ಲಗೆ ತಿಕ್ಕಿ, ಇಲ್ಲವೇ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯ ತುದಿ ಕಚ್ಚಲು ಕೊಡಿ. ಭೇದಿಯಾಗುತ್ತಿದ್ದರೆ ಬಜೆ ಎಲ್ಲಿದೆಯೆಂದು ಹುಡುಕಬೇಡಿ, ಮಗು ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ ಎಂದು ತಾಯಿಯನ್ನು ಕೇಳಿ. ಕಣ್ಣು ಗುಳಿ ಬಿದ್ದಿದ್ದರೆ, ಮಂಕು ಹಿಡಿದಿದ್ದರೆ, ಎದೆಹಾಲು ಬೇಡವೆಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಮಾವನ ಬೈಕಾದರೂ ಸರಿ, ಅವನು ಕುಡಿದಿರದಿದ್ದರೆ. ಅಲ್ಲಿಯವರೆಗೆ ಎದೆಹಾಲು ನಿಲ್ಲಿಸದೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಬೆರೆಸಿ ಚಮಚದಲ್ಲಿ ಕುಡಿಸುತ್ತಿರಿ. ಓಆರ್‌ಎಸ್ ಪೊಟ್ಟಣ ಮತ್ತು 14 ದಿನದ ಜಿಂಕ್ ಮಾತ್ರೆ, ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತವೆ.