ಆರಕ್ಕೆ ಆರು ಬಂತಂತೆ!

ಇಂಗ್ಲೆಂಡಿನ ಸಟನ್ನಿನಲ್ಲಿರುವ ನಮ್ಮ ಕನ್ನಡದ ಗಂಡಸರಿಗೆ ಕಣ್ಣಿನ ಪರೀಕ್ಷೆಯೆಂದರೆ ಇನ್ನೊಂದು ಎಸ್ಸೆಸ್ಸೆಲ್ಸಿ. ಹೈ ಸ್ಟ್ರೀಟಿನ ಕನ್ನಡಕದಂಗಡಿಯಿಂದ ಹೊರಬಿದ್ದವರೇ "ಆರಕ್ಕೆ ಆರು ಬಂತು ಕಣ್ರೀ" ಅಂತ ವಾಟ್ಸಾಪಿನಲ್ಲಿ ಸಾರುತ್ತಾರೆ. ಪೇಡೆ ಹಂಚುವುದೊಂದು ಬಾಕಿ.

ಸ್ವಾಮಿ, ಅದು ಅಂಕವಲ್ಲ! 6/6ರಲ್ಲಿ ಮೇಲಿನ 6 ನೀವು ಕೂತ ದೂರ, ಮೀಟರಿನಲ್ಲಿ. ಕೆಳಗಿನದು ನೀವು ಓದಿದ ಅತಿ ಚಿಕ್ಕ ಅಕ್ಷರವನ್ನು ಸಾಧಾರಣ ಕಣ್ಣು ಎಷ್ಟು ದೂರದಿಂದ ಓದೀತು ಎಂಬುದು. ಅಂದರೆ ನೀವು ಡಂಗುರ ಹೊಡೆದದ್ದು "ನಾನು ಸಾಧಾರಣ" ಅಂತ! 6/5, 6/4 ಓದುವ ಹುಡುಗರು ಬೇಕಾದಷ್ಟಿದ್ದಾರೆ, ಬಾಯಿಬಿಡುವುದಿಲ್ಲ.

ಲೆಕ್ಕ ಹತ್ತಲಿಲ್ಲವೇ? ಮಗಳ ಬಾಣಂತನಕ್ಕೆ ಬಂದಿರುವ ನಮ್ಮ ಅತ್ತೆಯವರನ್ನು ನೋಡಿ. ಎದುರು ಬರುವವಳ ಕೋಟಿನಡಿ ಇಣುಕುವ ಅಂಚು ಮೈಸೂರು ಸಿಲ್ಕೋ ಅಲ್ಲವೋ ಎಂದು 60 ಮೀಟರಿನಾಚೆಯಿಂದಲೇ ತೀರ್ಪು ಕೊಡುತ್ತಾರೆ. ಮಾವನವರಿಗೆ ಅದು 6 ಮೀಟರಿಗೆ ಬಂದ ಮೇಲೆ ಕಾಣುತ್ತದೆ. ಅತ್ತೆಯದು ಸಾಧಾರಣ ಕಣ್ಣೆಂದು ಹಿಡಿದರೆ, ಮಾವನದು 6/60. ಅತ್ತೆಯದು ಸಾಧಾರಣವೆಂದು ಅವರೆದುರು ಮಾತ್ರ ಹೇಳಬೇಡಿ.

ಪರೀಕ್ಷೆಯಲ್ಲಿ ಓದಿಸುವ ಈ ಅಕ್ಷರಗಳ ಪಟ್ಟಿ ಮಾಡಿದವರು ಹಾಲೆಂಡಿನ ಉಟ್ರೆಕ್ಟಿನ ಹರ್ಮನ್ ಸ್ನೆಲೆನ್, 1862ರಲ್ಲಿ. 6/6ರ ಸಾಲಿನ ಅಕ್ಷರದ ಎತ್ತರ 9 ಮಿಲಿಮೀಟರೂ ಇಲ್ಲ. ಅಂಗಡಿಯ ಕೋಣೆ ಕಿರಿದಾದರೆ 3 ಮೀಟರಿನಾಚೆ ಕನ್ನಡಿ ಇಟ್ಟು ದೂರವನ್ನು ಇಮ್ಮಡಿ ಮಾಡಿಬಿಡುತ್ತಾರೆ. ಇಲ್ಲಿನ ಸರ್ಕಾರ ಇನ್ನೂ ಉದಾರಿ: ಕನ್ನಡಕ ಹಾಕಿಯಾದರೂ ಸರಿ, 20 ಮೀಟರಿನಿಂದ ನಂಬರ್ ಪ್ಲೇಟ್ ಓದಿ, 6/12 ಇರಲಿ, ಅಕ್ಕಪಕ್ಕದ ನೋಟವೂ ಇರಲಿ, ಕಾರು ಓಡಿಸಿ ಎನ್ನುತ್ತದೆ.

ಆ ಅಕ್ಕಪಕ್ಕವೇ ನಿಮ್ಮ ಆರಕ್ಕೆ ಆರರಲ್ಲಿ ಇಲ್ಲದ್ದು. ಪಟ್ಟಿ ಅಳೆಯುವುದು ಅಕ್ಷಿಪಟಲದ ನಡುವಿನ ಒಂದು ಪುಟ್ಟ ಗುಳಿಯ ಚುರುಕನ್ನು ಮಾತ್ರ. ಕೈ ಚಾಚಿ ಹೆಬ್ಬೆರಳು ಎತ್ತಿ. ತೀರಾ ಸ್ಪಷ್ಟವಾಗಿ ಕಾಣುವುದು ಆ ಉಗುರಿನಗಲ. ಮಿಕ್ಕಿದ್ದು ಮಸುಕು. ಕಣ್ಣು ಅತ್ತಿತ್ತ ಜಿಗಿದು ತಂದ ಚೂರುಗಳನ್ನು ಮಿದುಳು ಜೋಡಿಸುತ್ತದೆ, ಸಿಗದ ಕಡೆ ತಾನೇ ತುಂಬುತ್ತದೆ. ನರ ಹೊರಬೀಳುವ ಜಾಗದಲ್ಲಿ ಕಣ್ಣು ಪೂರ್ತಿ ಕುರುಡು. ನಿಮಗೆ ಯಾವತ್ತಾದರೂ ಗೊತ್ತಾಗಿದೆಯೇ?

ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಕಳ್ಳನಂತೆ ನುಗ್ಗುವುದೂ ಹೀಗೆಯೇ, ಗೊತ್ತೇ ಆಗದಂತೆ. ಅಂಚಿನ ನೋಟ ಕದಿಯುತ್ತಾ ಬರುತ್ತದೆ, ನಡುವೆ ಆರಕ್ಕೆ ಆರು ಹಾಗೇ ಇರುತ್ತದೆ. ಆದ್ದರಿಂದ ಕಣ್ಣಿನ ಒತ್ತಡ ಎಷ್ಟಿದೆ, ನರ ಹೇಗಿದೆ ಎಂದೂ ಕೇಳಿ. ಅಪ್ಪನಿಗೋ ಅಕ್ಕನಿಗೋ ಈ ಕಾಯಿಲೆಯಿದ್ದರೆ, 40 ದಾಟಿದವರಿಗೆ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಪರೀಕ್ಷೆ ಪುಕ್ಕಟೆ. 60 ತುಂಬಿದರೆ ಎಲ್ಲರಿಗೂ. ಪುಕ್ಕಟೆ ಎಂದ ಮೇಲೂ ಹೋಗದ ಕನ್ನಡಿಗನನ್ನು ನಾನಂತೂ ಕಂಡಿಲ್ಲ!